ಹಳೆಯ ಬೈಕಿಗೆ ಹೊಸ ಬಣ್ಣ: ಜಾಗ ಎಲ್ಲಿ?

ಹಳೆಯ ವಾಹನಕ್ಕೆ ಹೊಸ ಬಣ್ಣ ಹೊಡೆಸಬೇಕೆಂದು ಹೊರಟವರು ಮೊದಲು ವಿಚಾರಿಸುವುದು ಬಣ್ಣದ ಬೆಲೆಯನ್ನು, ಆಮೇಲೆ ಪೈಂಟರನ ಕೂಲಿಯನ್ನು. ಕೆಲಸ ಎಲ್ಲಿ ಮಾಡುವುದು ಎಂಬ ಮಾತು ಬರುವುದು ಎಲ್ಲಕ್ಕಿಂತ ಕೊನೆಗೆ. ಅದು ಮೊದಲು ಬರಬೇಕಾದ ಮಾತೆಂದು ನಮಗೆ ಮನದಟ್ಟಾದದ್ದು ಕ್ರಿಸ್ಮಸ್ ರಜೆಯಲ್ಲಿ ಎಮ್ಮಿಗನೂರಿಗೆ ಹೋಗಿದ್ದಾಗ.

ಎಮ್ಮಿಗನೂರು ಆಂಧ್ರದ ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದ ಊರು. ಮಂತ್ರಾಲಯಕ್ಕೆ ಹೋಗಿಬಂದ ನಮ್ಮ ಓದುಗರಲ್ಲಿ ಕೆಲವರು ಬಸ್ಸಿನಿಂದಲೇ ಅದನ್ನು ನೋಡಿರಬಹುದು. ಬಳ್ಳಾರಿ ಜಿಲ್ಲೆಯಲ್ಲಿದ್ದ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿದವು. ನಮಗೆ 1956 ಹೇಗೋ, ಆ ಕಡೆಯ ಕನ್ನಡಿಗರಿಗೆ 1953 ಹಾಗೆ. ನಮ್ಮೊಡನೆ ಟಿ.ಸಿ.ಎಚ್. ಕಲಿತ ಗೆಳೆಯರೊಬ್ಬರ ಮನೆ ಅಲ್ಲಿದೆ. ಗಡಿಯ ಈ ತುದಿಯವರೂ ಆ ತುದಿಯವರೂ ಕನ್ನಡ ಕಲಿಸುವ ವಿದ್ಯೆಗಾಗಿ ಕರ್ನಾಟಕಕ್ಕೆ ಹೋಗಿ ಒಂದೇ ಕೋಣೆಯಲ್ಲಿ ಮಲಗಿದ್ದೆವು. ಆ ಸ್ನೇಹ ಇನ್ನೂ ಉಳಿದಿದೆ.

ಊರು ನೇಕಾರರದು. ಪದ್ಮಶ್ರೀ ಮಾಚಾನಿ ಸೋಮಪ್ಪನವರು 1938ರಲ್ಲಿ ಕಟ್ಟಿದ ನೇಕಾರರ ಸಹಕಾರ ಸಂಘದಿಂದ ಎಮ್ಮಿಗನೂರಿನ ಬಟ್ಟೆ ದೂರದೂರದವರೆಗೆ ಹೆಸರಾಯಿತು. ಗೆಳೆಯರ ತಂದೆಯವರೂ ನೇಯುತ್ತಿದ್ದವರೇ. ಅವರು 1985ರಲ್ಲಿ ಯಾರಿಂದಲೋ ಒಂದು ಹಳೆಯ ಯೆಜ್ದಿ ಮೋಟಾರು ಸೈಕಲನ್ನು ಕೊಂಡಿದ್ದರು. ನೂಲು ತರುವುದು, ನೇಯ್ದ ಬಟ್ಟೆ ಒಯ್ಯುವುದು ಎಲ್ಲ ಅದರ ಮೇಲೆಯೇ. ಅವರು ತೀರಿಕೊಂಡ ಮೇಲೆ ಬೈಕು ಬೇವಿನ ಮರದ ಕೆಳಗೆ ನಿಂತು ತುಕ್ಕು ಹಿಡಿಯಿತು. ಯೆಜ್ದಿ ಎಂದರೆ ಮೈಸೂರಿನ ಹುಟ್ಟು. 1961ರಲ್ಲಿ ಶುರುವಾದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಹೆಸರು ಈಚೆಗೆ ಮರಳಿ ಬಂದಿದೆ, ಆದರೆ ಆ ಹಳೆಯ ಬಂಡಿ ಮತ್ತೆ ಹುಟ್ಟುವುದಿಲ್ಲ. ಇದ್ದುದನ್ನು ಉಳಿಸಿಕೊಳ್ಳಬೇಕು ಎಂದು ಗೆಳೆಯರ ಹಟ.

ಮೊದಲ ಸಲ ಅವರು ಟಾಂಕಿಗೆ ಬಣ್ಣ ಹೊಡೆದದ್ದು ಮನೆಯ ಮಾಳಿಗೆಯ ಮೇಲೆ. ಗಾಳಿ ಬೆಳಕು ಧಾರಾಳ ಎಂದು ಲೆಕ್ಕ ಹಾಕಿದ್ದರು. ಆದದ್ದೇನು? ಅದು ಹತ್ತಿ ಬಿಡಿಸುವ ಕಾಲ. ಬೀದಿಯಲ್ಲಿ ಹತ್ತಿ ಹೇರಿದ ಲಾರಿಗಳು, ಗಾಳಿಯಲ್ಲಿ ಕಣ್ಣಿಗೆ ಕಾಣದ ಅರಳೆಯ ಎಳೆಗಳು. ಹಸಿ ಬಣ್ಣದ ಮೇಲೆ ಅವೆಲ್ಲ ಕೂತು ಟಾಂಕಿಗೆ ಮೀಸೆ ಬಂದಂತಾಯಿತು. ಸಾಲದ್ದಕ್ಕೆ ಹೊಡೆದದ್ದು ನಡುಹಗಲು. ಬಿಸಿಲಿನ ಝಳಕ್ಕೆ ಥಿನ್ನರು ದಾರಿಯಲ್ಲೇ ಆರಿಹೋಗಿ, ಬಣ್ಣ ಪುಡಿಯಾಗಿ ಬಿದ್ದು, ಮೈಯೆಲ್ಲ ಕಿತ್ತಳೆ ಸಿಪ್ಪೆಯ ಹಾಗೆ ಒರಟಾಯಿತು. ಎರಡನೆಯ ಸಲ ರಸ್ತೆಬದಿಯ ಒಂದು ಅಂಗಡಿಗೆ ಕೊಟ್ಟರು. ಅಲ್ಲಿ ಮಣ್ಣಿನ ಧೂಳು ಬಂತು. ದುಡ್ಡೂ ಹೋಯಿತು, ಬಣ್ಣವನ್ನು ಮತ್ತೆ ಉಜ್ಜಿ ತೆಗೆಯುವ ಕೆಲಸವೂ ತಗಲಿತು.

ನಾವು ಹೋದಾಗ ಮನೆಯಲ್ಲಿ ಮೂರನೆಯ ಯೋಜನೆಯ ಚರ್ಚೆ ನಡೆದಿತ್ತು. ತಂದೆಯವರ ಮಗ್ಗದ ಕೋಣೆ ಖಾಲಿ ಇದೆ. ನಾಲ್ಕು ಗೋಡೆ, ಒಂದು ಕಿಟಕಿ, ಧೂಳಿಲ್ಲ. ಗುಂಡಿಮಗ್ಗವಾದ್ದರಿಂದ ನೇಕಾರ ಕಾಲಿಳಿಸುವ ಗುಂಡಿಯೂ ಇದೆ. ಅದರಲ್ಲಿ ಇಳಿದು ಬೈಕಿನ ಅಡಿಭಾಗವನ್ನೂ ಸುಲಭವಾಗಿ ನೋಡಬಹುದು. ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದರಾಯಿತು! ಗೆಳೆಯರ ಮಾತಿನಲ್ಲಿ ತರ್ಕವಿತ್ತು. ನಾವೂ ತಲೆಯಾಡಿಸಿದೆವು.

ಅವರ ತಾಯಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ನೋಡಪಾ ಮೇಷ್ಟ್ರೇ, ಗಾಡಿಗೆ ಬಣ್ಣ ಎಲ್ಲ್ಯಾರ ಹಚ್ಚಿರಿ. ಮಗ್ಗದ ಮನ್ಯಾಗ ಬ್ಯಾಡ. ಅವರು ಗಾಡಿ ಮ್ಯಾಲೆ ಕೂತಿದ್ದು ದಿನಾ ಒಂದು ತಾಸು. ಮಗ್ಗದಾಗ ಕೂತಿದ್ದು ನಲವತ್ತು ವರ್ಷ" ಎಂದರು. ಗೆಳೆಯರು ಸುಮ್ಮನಾದರು. ನಮಗೂ ನಾಲಗೆ ಏಳಲಿಲ್ಲ. ತಂದೆಯ ನೆನಪನ್ನು ಉಳಿಸುತ್ತೇವೆಂದು ಹೊರಟವರು ಅದಕ್ಕಿಂತ ದೊಡ್ಡ ನೆನಪೊಂದನ್ನು ಕಿತ್ತುಹಾಕಲು ಹೊರಟಿದ್ದೆವು.

ಆಮೇಲೆ ಆದವಾನಿಯಿಂದ ಬಂದ ಹಿರಿಯ ಪೈಂಟರೊಬ್ಬರು ಕೋಣೆಯನ್ನು ನೋಡಿ, "ಅಮ್ಮ ಹೇಳಿದ್ದೇ ಸರಿ" ಎಂದರು. ಅವರು ಕೊಟ್ಟ ಕಾರಣ ಬೇರೆ. ಥಿನ್ನರಿನ ಆವಿ ಗಾಳಿಗಿಂತ ಭಾರ. ಅದು ಮೇಲಕ್ಕೇರಿ ಕಿಟಕಿಯಿಂದ ಹೋಗುವುದಿಲ್ಲ. ನೆಲಕ್ಕಿಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಮಗ್ಗದ ಗುಂಡಿ ಅದಕ್ಕೆ ಕೊಡದ ಹಾಗೆ. ಗುಂಡಿಗೆ ಇಳಿದವನಿಗೆ ತಲೆಸುತ್ತು ಬಂದೀತು. ಒಂದು ಬೀಡಿಯ ಕಿಡಿ, ಹಳೆಯ ಸ್ವಿಚ್ಚಿನ ಕಿಡಿ ಸಾಕು, ಬೆಂಕಿ ಹತ್ತೀತು. ಪಕ್ಕದಲ್ಲಿ ನೂಲಿನ ಕಟ್ಟುಗಳು ಬೇರೆ. ನಮ್ಮ ಕಡೆ ಹಾಳುಬಾವಿಗೆ ಇಳಿಯುವ ಮೊದಲು ದೀಪ ಇಳಿಸಿ ಗಾಳಿ ನೋಡುವ ಕ್ರಮವಿದೆಯಷ್ಟೆ? ಥಿನ್ನರಿನ ಗುಂಡಿಯಲ್ಲಿ ಆ ಪರೀಕ್ಷೆ ಮಾಡಿದರೆ ಅದೇ ಕೊನೆಯ ಪರೀಕ್ಷೆ.

ಕಡೆಗೆ ಜಾಗ ಸಿಕ್ಕಿದ್ದು ನೆರೆಮನೆಯವರ ದನದ ಕೊಟ್ಟಿಗೆಯಲ್ಲಿ. ಟ್ರ್ಯಾಕ್ಟರು ಬಂದು ಎತ್ತುಗಳು ಹೋದ ಮೇಲೆ ಅದು ಖಾಲಿ ಬಿದ್ದಿತ್ತು. ಮೂರು ಕಡೆ ಗೋಡೆ, ನೆಲಕ್ಕೆ ಕಲ್ಲುಚಪ್ಪಡಿ, ನೀರು ಹರಿದುಹೋಗಲು ಕಾಲುವೆ. ಎರಡು ದಿನ ತೊಳೆದು ಒಣಗಿಸಿದೆವು. ಮಾಡಿನಿಂದ ಧೂಳು ಉದುರದಂತೆ ಕೆಳಗೆ ಹಳೆಯ ಹತ್ತಿ ದುಪ್ಪಟಿಗಳನ್ನು ಬಿಗಿದು ಕಟ್ಟಿದೆವು. ತೆರೆದ ಬದಿಗೆ ಒದ್ದೆ ಮಾಡಿದ ಬಟ್ಟೆಯ ಪರದೆ, ಅದರ ಕೆಳಗೆ ಆವಿ ಹೊರಹೋಗಲು ಒಂದು ಮೊಳ ತೆರಪು. ಊರಿನ ಮಗ್ಗದ ಬಟ್ಟೆಯೇ ಊರಿನ ಧೂಳನ್ನು ತಡೆಯಿತು. ನೆಲಕ್ಕೆ ನೀರು ಚಿಮುಕಿಸಿದೆವು. ವಿದ್ಯುತ್ ವಯರು ಮತ್ತು ಕಂಪ್ರೆಸರು ಎರಡೂ ಹೊರಗೆ.

ಕೊಳೆಯ ಕೆಲಸಕ್ಕೂ ಬಣ್ಣದ ಕೆಲಸಕ್ಕೂ ಒಂದೇ ಜಾಗ ಆಗದು ಎಂಬುದು ಅಲ್ಲಿ ಕಲಿತ ಇನ್ನೊಂದು ಪಾಠ. ತುಕ್ಕು ಉಜ್ಜುವುದು, ಹಳೆಯ ಬಣ್ಣ ಕೆರೆಯುವುದು, ಪುಟ್ಟಿ ತೀಡುವುದು ಎಲ್ಲ ಬೇವಿನ ಮರದಡಿಯಲ್ಲಿ ನಡೆಯಿತು. ಚಾಸಿಸ್ ನಂಬರು ಕೊರೆದ ಜಾಗವನ್ನು ಮಾತ್ರ ಯಾರೂ ಉಜ್ಜಲಿಲ್ಲ, ಪುಟ್ಟಿ ಮೆತ್ತಲಿಲ್ಲ. ಅದು ಅಳಿಸಿದರೆ ನೋಂದಣಿ ನವೀಕರಣದ ಹೊತ್ತಿಗೆ ಕಚೇರಿ ಅಲೆಯಬೇಕಾದೀತು. ಟಾಂಕಿ, ಮಡ್ಗಾರ್ಡು, ಪಕ್ಕದ ಡಬ್ಬಿಗಳನ್ನು ಒಂದೊಂದಾಗಿ ತಂತಿಗೆ ತೂಗುಹಾಕಿ, ಬೆಳಿಗ್ಗೆ ಗಾಳಿ ಏಳುವ ಮುನ್ನ ಬಣ್ಣ ಹೊಡೆದರು. ಗಟ್ಟಿಕಾರಕ ಬೆರೆಸುವ ಪಿ.ಯು. ಬಣ್ಣ ಹೆಚ್ಚು ಬಾಳಿಕೆಯದು ನಿಜ. ಆದರೆ ಅದರ ತುಂತುರು ಶ್ವಾಸಕೋಶಕ್ಕೆ ಕೇಡು. ಮೂಗಿಗೆ ಕರವಸ್ತ್ರ ಕಟ್ಟಿದರೆ ಸಾಲದು, ಹೊರಗಿನ ಶುದ್ಧಗಾಳಿ ಕೊಳವೆಯಲ್ಲಿ ಬರುವ ಮುಖವಾಡ ಬೇಕು. ಅದಿಲ್ಲದ ಕಾರಣ ಹಳೆಯ ಡ್ಯೂಕೋ ಜಾತಿಯ ಬಣ್ಣವೇ ಸಾಕೆಂದರು. ಅದಕ್ಕೂ ಇದ್ದಿಲಿನ ಡಬ್ಬಿಯ ಮುಖವಾಡ ಹಾಕಿಯೇ ಕೈಗೆ ಗನ್ನು ತೆಗೆದುಕೊಂಡರು.

ಜಾಗದ ಚಿಂತೆ ಬಡವರದು ಮಾತ್ರವಲ್ಲ. ಕಾರುಗಳ ಮೊದಲ ಕಾಲದಲ್ಲಿ, ಹಿಂದೆ ಕುದುರೆಗಾಡಿಗೆ ಬಳಿಯುತ್ತಿದ್ದಂಥ ವಾರ್ನಿಷನ್ನೇ ಬಳಿಯುತ್ತಿದ್ದರು. ಅದು ಒಣಗಲು ವಾರಗಟ್ಟಲೆ ಬೇಕು. ಅಮೆರಿಕದ ದೊಡ್ಡ ಕಾರ್ಖಾನೆಗಳಿಗೂ ಒಣಗುವ ಗಾಡಿಗಳನ್ನು ನಿಲ್ಲಿಸಲು ಸ್ಥಳವೇ ಒಂದು ತಲೆನೋವು. 1920ರ ದಶಕದಲ್ಲಿ ಬೇಗ ಒಣಗುವ ಡ್ಯೂಕೋ ಬಂದ ಮೇಲೆ ಆ ತೊಂದರೆ ನೀಗಿತು.

ಇನ್ನು ನಮ್ಮ ಊರಿನ ಮಾತು. ಅಲ್ಲಿ ಧೂಳು ಶತ್ರುವಾದರೆ ಕಾಸರಗೋಡಿನಲ್ಲಿ ತೇವ ಶತ್ರು. ಮಳೆಗಾಲದಲ್ಲಿ ಡ್ಯೂಕೋ ಹೊಡೆದರೆ ಥಿನ್ನರು ಆರುವಾಗ ತಗಡು ತಣ್ಣಗಾಗಿ, ಗಾಳಿಯ ನೀರಾವಿ ಅದರ ಮೇಲೆ ಕೂತು, ಬಣ್ಣ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಪೈಂಟರನನ್ನು ಬೈದು ಫಲವಿಲ್ಲ. ನಮ್ಮವರು ಮಕರ, ಕುಂಭ ಮಾಸಗಳವರೆಗೆ ಕಾಯಬೇಕು. ಖಾಲಿ ಹಟ್ಟಿಯಾದರೂ ಆದೀತು, ವಿರಳ ಮನೆಗಳ ನಡುವಿನ ಅಡಿಕೆ ಕೊಟ್ಟಿಗೆಯಾದರೂ ಆದೀತು. ಆದರೆ ಅಡಿಗೆಮನೆಯ ಒಲೆ, ಬೈಹುಲ್ಲಿನ ರಾಶಿ, ಮಕ್ಕಳು ಮಲಗುವ ಕೋಣೆ ದೂರವಿರಲಿ. ಕಂಪ್ರೆಸರಿನ ನೀರು ಬಸಿಯುವ ಡಬ್ಬಿಯನ್ನು ದಿನವೂ ಖಾಲಿ ಮಾಡಲಿ.

ರಜೆ ಮುಗಿದು ನಾವು ಹೊರಡುವ ದಿನ ಬೈಕು ಪೂರ್ತಿಯಾಗಿರಲಿಲ್ಲ. ಬಣ್ಣ ಬಲಿಯಬೇಕು, ಅವಸರಪಟ್ಟು ಜೋಡಿಸಿದರೆ ಬೆರಳಚ್ಚು ಬೀಳುತ್ತದೆ ಎಂದು ಪೈಂಟರರ ಆಜ್ಞೆ. ಒಣಗಿದ ಟಾಂಕಿಯನ್ನು ಇಡಲು ಸುರಕ್ಷಿತ ಸ್ಥಳ ಬೇಕಾಯಿತು. ತಾಯಿಯವರೇ ಮಗ್ಗದ ಕೋಣೆಯ ಬಾಗಿಲು ತೆರೆದು, ಮಗ್ಗದ ಪಕ್ಕದಲ್ಲಿ ಒಂದು ಮಣೆ ಹಾಕಿಕೊಟ್ಟರು. ಇಡಲು ಅಡ್ಡಿಯಿಲ್ಲ, ಮಗ್ಗ ಕದಲಿಸಬಾರದು, ಅಷ್ಟೆ.