ಹಳೆಯ ಗಣಕಯಂತ್ರಕ್ಕೆ ಹಗುರ ಲಿನಕ್ಸ್

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಬಿಳಿಕೆರೆ, ಹುಣಸೂರು ಭಾಗದ ವರ್ತಕ ಬಾಂಧವರು ಹಳೆಯ ಗಣಕಯಂತ್ರಗಳನ್ನು ಗುಜರಿಗೆ ಹಾಕುವ ಮುನ್ನ ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯೂಟಿ ಎಂಬ ಹಗುರ ಲಿನಕ್ಸ್ ಡೆಸ್ಕ್‌ಟಾಪ್‌ಗಳನ್ನು ಪರಿಶೀಲಿಸಬಹುದು. ಇವು ಉಚಿತ, ಕಡಿಮೆ ಮೆಮೊರಿಯಲ್ಲೂ ನಡೆಯುತ್ತವೆ.

ಲಿನಕ್ಸ್ ಪರದೆಯನ್ನು ದಶಕಗಳ ಕಾಲ ನಿರ್ವಹಿಸಿದ್ದು 1987ರ ಎಕ್ಸ್11 ವ್ಯವಸ್ಥೆ. ಅದರಲ್ಲಿ ಒಂದು ತಂತ್ರಾಂಶವು ಇನ್ನೊಂದರಲ್ಲಿ ಒತ್ತಿದ ಕೀಲಿಗಳನ್ನು ಕದ್ದು ಓದಬಲ್ಲದು; ಬ್ಯಾಂಕಿನ ಗುಪ್ತಪದ ಬಳಸುವವರಿಗೆ ಇದು ಸಣ್ಣ ಮಾತಲ್ಲ. 2008ರಲ್ಲಿ ಆರಂಭವಾದ ವೇಲ್ಯಾಂಡ್ ಈ ದಾರಿಯನ್ನು ಮುಚ್ಚುತ್ತದೆ. ಆದರೆ 2024ರ ಡಿಸೆಂಬರಿನಲ್ಲಿ ಬಂದ ಎಕ್ಸ್‌ಎಫ್‌ಸಿಇ 4.20ರಲ್ಲಿ ಅದರ ಬೆಂಬಲ ಪ್ರಾಯೋಗಿಕ ಮಾತ್ರ. ಅಂಗಡಿಯ ನಿತ್ಯದ ಕೆಲಸಕ್ಕೆ ಪ್ರಾಯೋಗಿಕವಾದುದು ಸಲ್ಲದು; ಎಕ್ಸ್11ನಲ್ಲೇ ಇದ್ದು, ಲಿನಕ್ಸ್ ವಿತರಣೆಯ ಸ್ವಂತ ಭಂಡಾರದ ತಂತ್ರಾಂಶಗಳನ್ನಷ್ಟೇ ಬಳಸುವುದು ಲೇಸು.

ನುಡಿಯ ಕೀಲಿವಿನ್ಯಾಸ ಲಿನಕ್ಸ್‌ನಲ್ಲೂ ದೊರೆಯುತ್ತದೆ. ಯೂನಿಕೋಡ್ ಅಲ್ಲದ ಹಳೆಯ ಕಡತಗಳನ್ನು ಮಾತ್ರ ಮೊದಲೇ ಪರಿವರ್ತಿಸಿಕೊಳ್ಳಬೇಕು. ಟ್ಯಾಲಿ ವಿಂಡೋಸ್‌ಗಾಗಿ ರಚಿತವಾದುದರಿಂದ ಲೆಕ್ಕಪತ್ರದ ಯಂತ್ರವನ್ನು ವಿಂಡೋಸ್ 11ಕ್ಕೆ ಒಯ್ದು, ಪತ್ರವ್ಯವಹಾರದ ಯಂತ್ರದಲ್ಲಿ ಲಿನಕ್ಸ್ ಆರಂಭಿಸಬಹುದು.