ಘಾಟಿ ಹತ್ತಲು ಸಿಸಿ ಸಾಲದೇ?

ಅಂಬಾಸಿಡರ್‌ನ ಹಳೆಯ 1489 ಸಿಸಿ ಎಂಜಿನ್ನಿಗೆ ಆಗುಂಬೆ ಘಾಟಿ ಹತ್ತುವ ತ್ರಾಣವಿಲ್ಲ, ಅದನ್ನು ಇಳಿಸಿ ದೊಡ್ಡದೊಂದನ್ನು ಕೂರಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತು ಉಡುಪಿ, ಕಾರ್ಕಳದ ಕಡೆ ಹಳೆಯ ಕಾರು ಇಟ್ಟುಕೊಂಡವರಿಂದ ಕೇಳಿಬರುತ್ತದೆ. ಲೆಕ್ಕ ಹಾಕಿದರೆ ಇದು ನಿಲ್ಲುವುದಿಲ್ಲ.

ಐದು ಜನ ಕೂತ ಅಂಬಾಸಿಡರ್‌ನ ತೂಕ ಸುಮಾರು 1500 ಕಿಲೋ ಎಂದಿಟ್ಟುಕೊಳ್ಳಬಹುದು. 12 ಅಡಿಗೆ 1 ಅಡಿ ಏರುವ ರಸ್ತೆಯಲ್ಲಿ ಗಂಟೆಗೆ 25 ಕಿ.ಮೀ. ವೇಗದಲ್ಲಿ ಅದನ್ನು ಹತ್ತಿಸಲು ಚಕ್ರಕ್ಕೆ ತಲುಪಬೇಕಾದದ್ದು ಸುಮಾರು 14 ಅಶ್ವಶಕ್ತಿ. ಆ ಎಂಜಿನ್ ಹೊಸದಿದ್ದಾಗ ಕೊಡುತ್ತಿದ್ದದ್ದು 50ರ ಆಸುಪಾಸು. ಸೋಮೇಶ್ವರ ದಾಟಿದ ಮೇಲಿನ 14 ಹೇರ್‌ಪಿನ್ ತಿರುವುಗಳನ್ನು ಬಾಡಿಗೆ ಕಾರುಗಳು ದಶಕಗಟ್ಟಲೆ ಇದೇ ಎಂಜಿನ್ನಿನಲ್ಲಿ, ತುಂಬಿದ ಜನರೊಂದಿಗೆ ಹತ್ತಿವೆ.

ಉಡುಪಿಯಿಂದ ಮಣಿಪಾಲಕ್ಕೆ ಏರುವಷ್ಟರಲ್ಲೇ ಏದುಸಿರು ಬಿಡುವ ಕಾರಿನಲ್ಲಿ ಕಡಿಮೆಯಾಗಿರುವುದು ಸಿಸಿ ಅಲ್ಲ, ಕಂಪ್ರೆಷನ್. ಅಥವಾ ಕ್ಲಚ್ ಜಾರುತ್ತಿರುತ್ತದೆ, ಬಾವಿ ನೀರು ಹೊಯ್ದು ಹೊಯ್ದು ರೇಡಿಯೇಟರ್ ಕಟ್ಟಿಕೊಂಡಿರುತ್ತದೆ. ಪ್ಲಗ್ ಬಿಚ್ಚಿ, ಆ ತೂತಿಗೆ ಗೇಜ್ ಹಿಡಿದು ಸ್ಟಾರ್ಟರ್ ತಿರುಗಿಸಿದರೆ ನಾಲ್ಕೂ ಸಿಲಿಂಡರ್‌ಗಳ ಸ್ಥಿತಿ ಸ್ವಲ್ಪ ಹೊತ್ತಿನಲ್ಲೇ ತಿಳಿಯುತ್ತದೆ. ಒಂದರಲ್ಲಿ ಒತ್ತಡ ಕಡಿಮೆ ಕಂಡರೆ ಅದರೊಳಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಮುಳ್ಳು ಮೇಲೇರಿದರೆ ರಿಂಗ್ ಸವೆದಿದೆ. ಏರದಿದ್ದರೆ ಹೆಚ್ಚಾಗಿ ವಾಲ್ವ್ ಸೋರುತ್ತಿದೆ. ಇಷ್ಟು ಸುಲಭದ ಪರೀಕ್ಷೆಯನ್ನೂ ಮಾಡದೆ, ಮೊಬೈಲಿನಲ್ಲಿ ಯಾರದೋ ಕಾರು ಹೊಗೆಯೆಬ್ಬಿಸಿ ಓಡುವುದನ್ನು ನೋಡಿ ಮೂಲ ಎಂಜಿನ್ನನ್ನು ಗುಜರಿಗೆ ಹಾಕುವುದು ಸಹಿಸಲಾಗದ ಮಾತು. ಸಿಸಿ ಎಂಬ ಒಂದು ಅಂಕಿ ಬಾಯಿಗೆ ಸಿಕ್ಕಿದರೆ ಅಳೆದು ನೋಡುವ ಅಭ್ಯಾಸವೇ ತಪ್ಪಿಹೋಗುತ್ತದೆ.

ಹತ್ತಿದ ಘಾಟಿಯನ್ನು ಇಳಿಯಲೂ ಬೇಕು. ವೇಗ 60ರಿಂದ 80ಕ್ಕೆ ಏರಿದರೆ ಬ್ರೇಕ್ ಅರಗಿಸಿಕೊಳ್ಳಬೇಕಾದ ಶಕ್ತಿ ಶೇ. 78ರಷ್ಟು ಹೆಚ್ಚುತ್ತದೆ. ಹಳೆಯ ಅಂಬಾಸಿಡರ್‌ನ ನಾಲ್ಕು ಚಕ್ರಗಳಿಗೂ ಇರುವುದು ಡ್ರಮ್ ಬ್ರೇಕ್; ಕಾದ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಲೈನಿಂಗ್ ಹಿಡಿತ ಕಳೆದುಕೊಳ್ಳುತ್ತದೆ, ಪೆಡಲ್ ಕೆಳಗಿಳಿಯುತ್ತದೆ. 1990ರ ದಶಕದಲ್ಲಿ ಹಿಂದುಸ್ತಾನ್ ಮೋಟಾರ್ಸ್ ಇದೇ ಕಾರಿಗೆ 1.8 ಲೀಟರಿನ ಇಸುಜು ಎಂಜಿನ್ ಕೊಟ್ಟಾಗ ಜೊತೆಗೆ ಐದು ಗೇರ್‌ಗಳ ಪೆಟ್ಟಿಗೆಯನ್ನೂ ಕೊಟ್ಟಿತ್ತು. ಕಂಪನಿಯೇ ಎಂಜಿನ್ ಒಂದನ್ನೇ ಬದಲಿಸಿ ಕೈತೊಳೆದುಕೊಳ್ಳಲಿಲ್ಲ.

ಇನ್ನು ಭಾರ. ಅಂಬಾಸಿಡರ್‌ಗೂ ಪ್ರೀಮಿಯರ್ ಪದ್ಮಿನಿಗೂ ಲಾರಿಯಂತೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಎಂಜಿನ್ನನ್ನು ಹೊರುತ್ತದೆ. ಕಾಪುವಿನಂಥ ಕಡಲ ಬದಿಯ ಊರಿನ ಕಾರಾದರೆ ಮೊದಲು ಬಾನೆಟ್ ಎತ್ತಿ, ಎಂಜಿನ್ ಮೌಂಟಿಂಗ್ ಸುತ್ತ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಬೇಕು. ಮೇಲೆ ಬಣ್ಣ ಹೊಳೆಯುತ್ತಿದ್ದರೂ ಉಪ್ಪುಗಾಳಿಗೆ ಒಳಗಿನ ತಗಡು ಪದರ ಪದರವಾಗಿ ಉದುರುವುದುಂಟು. ಭಾರದ ಡೀಸೆಲ್ ಎಂಜಿನ್ನಿನ ಅದುರುವಿಕೆಯನ್ನು ಅಂಥ ತಗಡು ತಾಳದು.

ದೊಡ್ಡ ಎಂಜಿನ್ ಹಾಯಾಗಿ ಓಡುವುದರಿಂದ ಮೈಲೇಜ್ ತಾನಾಗಿ ಹೆಚ್ಚುತ್ತದೆ ಎನ್ನುವುದೂ ಸುಳ್ಳು. ಡಿಫರೆನ್ಷಿಯಲ್ ಅನುಪಾತ ಹೊಂದದಿದ್ದರೆ ಅದು ಇಳಿಯಲೂಬಹುದು.

ಆರ್‌ಸಿಯಲ್ಲಿ ಎಂಜಿನ್ ನಂಬರ್ ತಿದ್ದಿಸಿದರೆ ಮುಗಿಯಿತು ಎನ್ನುವವರು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಬೇಕು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅಕ್ರಮ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆ ಅಥವಾ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು. 2021ರ ನಿಯಮಗಳಂತೆ 50 ವರ್ಷ ದಾಟಿದ ಕಾರಿಗೆ ವಿಂಟೇಜ್ ನೋಂದಣಿ ಸಿಗಬೇಕಾದರೆ ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಎಂಜಿನ್ ಬದಲಿಸಿದ ಕಾರು ಆ ಅರ್ಹತೆಯನ್ನು ಕಳೆದುಕೊಳ್ಳುತ್ತದೆ.