ಸೊಂಟದಲ್ಲಿ ಪಿಸ್ತೂಲು: ಪರದೆಗೆ ಚೆನ್ನ, ತೊಡೆಗೆ ಕನ್ನ!

ಢಂ! ಢಂ! ಢಮಾರ್!

ಹೀರೋ ಪ್ಯಾಂಟಿನ ಸೊಂಟದಿಂದ ಪಿಸ್ತೂಲು ಸರ್ರನೆ ಎಳೆದ. ನಾಲ್ಕು ಜನ ಖದೀಮರು ನೆಲಕ್ಕುರುಳಿದರು. ಪಿಸ್ತೂಲು ಮತ್ತೆ ಸೊಂಟಕ್ಕೆ! ಗಾಂಧಿ ಕ್ಲಾಸಿನಲ್ಲಿ ಸೀಟಿಯ ಸುರಿಮಳೆ! 1968ರ ‘ಜೇಡರ ಬಲೆ’ಯಲ್ಲಿ ಅಣ್ಣಾವ್ರು ಸಿ.ಐ.ಡಿ. 999 ಆಗಿ ಬಂದ ಕಾಲದಿಂದಲೂ ನಮ್ಮ ಹುಡುಗರಿಗೆ ಈ ಪಿಸ್ತೂಲಿನ ಗೀಳು ಇದ್ದೇ ಇದೆ.

ಆದರೆ ಅಭಿಮಾನಿ ಮಿತ್ರರೇ, ಅದೇ ಪಿಸ್ತೂಲು ನಿಜವಾದದ್ದಾಗಿದ್ದು, ಒಳಗೆ ತೋಟಾ ಇದ್ದರೆ ಹಾಗೆ ಸಿಕ್ಕಿಸಿಕೊಂಡು ಓಡಾಡೋಕ್ಕಾಗುತ್ತಾ?

ಪ್ಲ್ಯಾಕ್ಸಿಕೋ ಬರೆಸ್‌ನನ್ನು ಕೇಳಬೇಕು! ಅಮೆರಿಕದ ಫುಟ್‌ಬಾಲ್ ಹೀರೋ ಆತ. 2008ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ನೈಟ್‌ಕ್ಲಬ್ಬಿಗೆ ಹೋದಾಗ ಸೊಂಟಕ್ಕೆ ಸಿಕ್ಕಿಸಿದ್ದ ಗ್ಲಾಕ್ ಪಿಸ್ತೂಲು ಪ್ಯಾಂಟಿನೊಳಗೆ ಜಾರಿತು. ಹಿಡಿಯಲು ಕೈ ಹಾಕಿದ. ಢಂ! ಗುಂಡು ಅವನ ತೊಡೆಗೇ ಹೊಕ್ಕಿತು. ಪಿಸ್ತೂಲಿಗೆ ನ್ಯೂಯಾರ್ಕಿನ ಲೈಸೆನ್ಸ್ ಬೇರೆ ಇರಲಿಲ್ಲ. 2009ರಲ್ಲಿ ಎರಡು ವರ್ಷ ಜೈಲು ಶಿಕ್ಷೆ!

ಒರೆ ಬೇಕು, ಬೆಲ್ಟೂ ಬೇಕು

ಪಿಸ್ತೂಲು ಸುಮ್ಮಸುಮ್ಮನೆ ಹಾರುವುದಿಲ್ಲ. ಟ್ರಿಗರ್‌ಗೆ ಬೆರಳೋ ಬಟ್ಟೆಯ ಮಡಿಕೆಯೋ ಸಿಕ್ಕಿದರೆ ಹಾರುತ್ತೆ. ಅದಕ್ಕೇ ಇರೋದು ಹೋಲ್‌ಸ್ಟರ್, ಅಂದರೆ ಪಿಸ್ತೂಲಿನ ಒರೆ. ಒಳ್ಳೇ ಒರೆ ಟ್ರಿಗರನ್ನು ಪೂರ್ತಿ ಮುಚ್ಚುತ್ತೆ, ಓಡಿದರೂ ಬಗ್ಗಿದರೂ ಪಿಸ್ತೂಲನ್ನು ಬಿಡೋದಿಲ್ಲ.

ಭಾರದ ಮಾತು ಕೇಳಿ. 2014ರಲ್ಲಿ ಕಾನ್ಪುರದಿಂದ ಬಂದ ‘ನಿರ್ಭೀಕ್’ ಹಗುರ ರಿವಾಲ್ವರ್. ಅದೇ ಸುಮಾರು ಅರ್ಧ ಕಿಲೋ! ಅಷ್ಟು ಭಾರವನ್ನು ದಿನವಿಡೀ ಹೊರಲು ಗಟ್ಟಿ, ಅಗಲದ ಬೆಲ್ಟ್ ಬೇಕು. ಮೆತ್ತನೆ ಬೆಲ್ಟಾದರೆ ಪ್ಯಾಂಟ್ ಜಾರುತ್ತೆ, ಪಿಸ್ತೂಲು ಪಕ್ಕೆಗೆ ಚುಚ್ಚುತ್ತೆ. ಹೊಟ್ಟೆ ಮುಂದೆ ಇಟ್ಟರೆ ಕೂತಾಗ ಒತ್ತುತ್ತೆ. ಬೆನ್ನ ನಡುವೆ ಇಟ್ಟು ಬಿದ್ದರೆ ಬೆನ್ನುಮೂಳೆಗೇ ಪೆಟ್ಟು. ಪತ್ತೇದಾರಿ ಚಿತ್ರಗಳಲ್ಲಿ ಕೋಟಿನೊಳಗೆ ಕಂಕುಳಲ್ಲಿ ತೂಗುತ್ತಲ್ಲ, ಆ ಒರೆ ನೋಡಲು ಭಾರಿ ಶೋಕಿ. ಆದರೆ ಪಿಸ್ತೂಲು ಅಡ್ಡಡ್ಡ ಮಲಗಿದ್ದರೆ ನಳಿಗೆ ಹಿಂದೆ ನಿಂತವನ ಕಡೆಗಿರುತ್ತೆ!

ಇದು ಬರೀ ಸುಖದ ಪ್ರಶ್ನೆಯಲ್ಲ. ಚುಚ್ಚುವ ಪಿಸ್ತೂಲನ್ನು ಮನುಷ್ಯ ಗಳಿಗೆಗೊಮ್ಮೆ ಮುಟ್ಟಿ ಸರಿಮಾಡ್ತಾನೆ. ಬೇಜಾರಾದರೆ ಬಿಚ್ಚಿ ದಿಂಬಿನ ಕೆಳಗೋ ಕಾರಿನಲ್ಲೋ ಇಡ್ತಾನೆ. ಅದು ಮಗುವಿನ ಕೈಗೆ ಸಿಕ್ಕಿದರೆ?

ಗೋವಿಂದನ ಕಾಲು, ಹೆಕ್ಸಮ್‌ನ ಪ್ರಾಣ

ಹಿಂದಿಯ ಗೋವಿಂದ ಗೊತ್ತಲ್ಲ? 2024ರ ಅಕ್ಟೋಬರ್ 1ರ ಬೆಳಗಿನ ಜಾವ, ಮುಂಬಯಿಯ ಮನೆಯಲ್ಲಿ ಅವರದೇ ಲೈಸೆನ್ಸ್ ರಿವಾಲ್ವರ್ ಹಾರಿ ಗುಂಡು ಕಾಲಿಗೆ ಬಿತ್ತು. ಕೈಜಾರಿ ಬಿದ್ದು ಹಾರಿತು ಅಂತ ಅವರ ಕಡೆಯವರ ಹೇಳಿಕೆ. ದೇವರು ದೊಡ್ಡವನು, ಬದುಕಿದರು. ಹಳೇ ಕಾಲದ ಎಷ್ಟೋ ರಿವಾಲ್ವರುಗಳಲ್ಲಿ ಸುತ್ತಿಗೆ ನೇರ ತೋಟಾದ ಮೇಲೇ ಕೂತಿರುತ್ತೆ. ಕೆಳಗೆ ಬಿದ್ದು ಅದಕ್ಕೆ ಪೆಟ್ಟು ಬಿದ್ದರೆ ಸಾಕು! 1873ರ ಕೋಲ್ಟ್ ರಿವಾಲ್ವರಿಗೆ ಆರು ಮನೆ. ಬುದ್ಧಿವಂತ ಕೌಬಾಯ್ ತುಂಬುತ್ತಿದ್ದದ್ದು ಐದೇ. ಸುತ್ತಿಗೆಯ ಕೆಳಗಿನ ಮನೆ ಖಾಲಿ!

‘ಬರೀ ಮದ್ದು, ಗುಂಡಿಲ್ಲ, ಭಯವೇನು?’ ಅನ್ನಬೇಡಿ. 1984ರ ಅಕ್ಟೋಬರ್‌ನಲ್ಲಿ ಅಮೆರಿಕದ ನಟ ಜಾನ್ ಎರಿಕ್ ಹೆಕ್ಸಮ್ ಸೆಟ್‌ನಲ್ಲಿ ತಮಾಷೆಗೆ ಇಂಥದೇ ರಿವಾಲ್ವರನ್ನು ಕಣತಲೆಗಿಟ್ಟು ಟ್ರಿಗರ್ ಒತ್ತಿದ. ಆ ರಭಸಕ್ಕೇ ತಲೆಬುರುಡೆ ಒಡೆಯಿತು. ಆರು ದಿನಕ್ಕೆ ಪ್ರಾಣ ಹೋಯಿತು. ವಯಸ್ಸು ಕೇವಲ 26!

ನಾಲ್ಕು ಸೂತ್ರ

ತಿಳಿದವರು ಹೇಳುವುದು ನಾಲ್ಕೇ ಮಾತು. ಪ್ರತಿ ಬಂದೂಕಿನಲ್ಲೂ ತೋಟಾ ಇದೆ ಅಂತಲೇ ತಿಳಿ. ಹೊಡೆಯಬಾರದ ಕಡೆ ನಳಿಗೆ ತಿರುಗಿಸಬೇಡ. ಗುರಿ ಹಿಡಿಯುವವರೆಗೆ ಟ್ರಿಗರ್ ಮೇಲೆ ಬೆರಳಿಡಬೇಡ. ಗುರಿಯ ಹಿಂದೆ ಯಾರಿದ್ದಾರೆ ನೋಡು. ಈಗ ಯಾವುದಾದರೂ ಸಿನಿಮಾ ಪೋಸ್ಟರ್ ನೋಡಿ. ಹೀರೋ ಬೆರಳು ಎಲ್ಲಿದೆ?

ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಪಿಸ್ತೂಲು ಇಟ್ಟುಕೊಂಡರೆ ಜೈಲೇ ಗತಿ. ಲೈಸೆನ್ಸ್ ಇದ್ದರೂ ಮದುವೆ ಮನೆಯಲ್ಲಿ ಖುಷಿಗೆ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ, 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು, ಇಲ್ಲವೇ ಲಕ್ಷದವರೆಗೆ ದಂಡ, ಇಲ್ಲವೇ ಎರಡೂ!

ಗೆಳೆಯನ ಮನೆಯಲ್ಲಿ ಅವರಪ್ಪನ ರಿವಾಲ್ವರ್ ಕಂಡು ‘ಒಂದು ಫೋಟೋ ತೆಗಿಯೋ ಮಗಾ’ ಅಂತ ಸೊಂಟಕ್ಕೆ ಸಿಕ್ಕಿಸಿಕೊಳ್ಳೋ ಮುಂಚೆ ಒಂದು ಮಾತು ನೆನಪಿರಲಿ. ಸಿನಿಮಾದಲ್ಲಿ ರೀಟೇಕ್ ಉಂಟು. ತೊಡೆಗೆ ಇಲ್ಲ!